ಗಿಳಿಹಸಿರು

ನಮ್ಮ ದೊಡ್ಡಪ್ಪನಿಗೆ 70 ತುಂಬಿತು. ಭೀಮರಥ ಶಾಂತಿ ಮಾಡಿಸಲೇಬೇಕು ಅಂತ ಮಕ್ಕಳು ಪಟ್ಟು ಹಿಡಿದರು. ಪುರೋಹಿತರು ಗೊತ್ತಾದರು, ಅಡುಗೆಯವರು ಗೊತ್ತಾದರು, ಛತ್ರವೂ ಸಿಕ್ಕಿತು. ಫೋಟೊಗ್ರಾಫರ್ ಹೇಳಿದ ರೇಟು ಕೇಳಿ ಮಾತ್ರ ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಆಗ ಯಾರೋ "ನಮ್ಮೋನ ಹತ್ರಾನೇ ದೊಡ್ಡ ಕ್ಯಾಮೆರಾ ಇದೆಯಲ್ಲ" ಅಂದರು. ಆ ನಮ್ಮೋನು ನಾನು.

ದೊಡ್ಡಮ್ಮ ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಹೇಳಿದರು. "ನನ್ನ ಮುಖ ಹೇಗಾದ್ರೂ ಬರಲಿ ಕಣೋ. ಸೀರೆ ಬಣ್ಣ ಮಾತ್ರ ಸರಿಯಾಗಿ ಬರಬೇಕು."

ಆ ಸೀರೆಗೆ ಒಂದು ಹಿನ್ನೆಲೆ ಇದೆ. ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿ ಸಿಲ್ಕ್ ಫ್ಯಾಕ್ಟರಿ ಇದೆಯಲ್ಲ, ಅಲ್ಲಿಯ ಶೋರೂಮಿನ ಮುಂದೆ ಬೆಳಿಗ್ಗೆಯೇ ಹೋಗಿ ಕ್ಯೂ ನಿಂತು ತಂದದ್ದು. ಡ್ರೈವರ್ ಕೆಲಸಕ್ಕೆ ನಾನೇ ಹೋಗಿದ್ದೆ. ಒಳಗೆ ಹತ್ತಾರು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ದೊಡ್ಡಮ್ಮ ಸೀರೆಯ ಒಂದು ಅಂಚು ಹಿಡಿದುಕೊಂಡು ಸೀದಾ ಬಾಗಿಲಿಗೆ ಹೊರಟರು. ಇನ್ನೊಂದು ಅಂಚು ಹಿಡಿದುಕೊಂಡು ಅಂಗಡಿಯ ಹುಡುಗಿ ಹಿಂದೆಯೇ ಓಡಿದಳು. ಬಿಸಿಲಿನಲ್ಲಿ ತಿರುಗಿಸಿ, ಮುರುಗಿಸಿ, ನೆರಳಿನಲ್ಲಿ ಒಂದು ಸಲ, ಕೈ ಮೇಲೆ ಹಾಕಿಕೊಂಡು ಒಂದು ಸಲ ನೋಡಿ, "ಹೂಂ, ಇದು ಗಿಳಿಹಸಿರು. ಒಳಗಡೆ ಬಟಾಣಿ ಹಸಿರು ಥರ ಕಾಣ್ತಿತ್ತು" ಅಂದರು. ನನಗೆ ಎರಡೂ ಕಡೆ ಹಸಿರೇ ಕಂಡಿತ್ತು. ಹೆಂಗಸರು ಸುಮ್ನೆ ಟೈಂ ವೇಸ್ಟ್ ಮಾಡ್ತಾರೆ ಅಂತ ಮನಸ್ಸಿನಲ್ಲೇ ಗೊಣಗಿದ್ದೆ. ಆ ಪಾಪವನ್ನು ಮುಂದೆ ಎರಡು ತಿಂಗಳು ತೀರಿಸಿದೆ.

ಶಾಂತಿಯ ಹಿಂದಿನ ದಿನ ಒಂದು ವಿಡಿಯೊ ನೋಡಿದೆ. ಗಡ್ಡ ಬಿಟ್ಟ ಒಬ್ಬ ಗುರು "ನೀವು ಇನ್ನೂ ಎಸ್‌ಆರ್‌ಜಿಬಿಯಲ್ಲೇ ಫೋಟೊ ತೆಗೀತಿದ್ದೀರಾ?" ಅಂತ ಕೇಳಿದ. ಅವನು ಕೇಳಿದ ರೀತಿ ಹೇಗಿತ್ತೆಂದರೆ, ಇನ್ನೂ ಸೌದೆ ಒಲೆಯಲ್ಲೇ ಸ್ನಾನದ ನೀರು ಕಾಯಿಸ್ತಿದ್ದೀರಾ ಅಂದ ಹಾಗೆ. ವೃತ್ತಿಪರರೆಲ್ಲ ಅಡೋಬಿ ಆರ್‌ಜಿಬಿ ಬಳಸುತ್ತಾರಂತೆ. ಎರಡೂ ಫೋಟೊದ ಬಣ್ಣವನ್ನು ಅಂಕಿಯಲ್ಲಿ ಬರೆದಿಡುವ ಅಳತೆಗಳು. ಅದರಲ್ಲಿ ಹಸಿರು ಜಾಸ್ತಿ ಹಿಡಿಸುತ್ತದಂತೆ. ಹಸಿರು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಕ್ಯಾಮೆರಾದ ಮೆನುಗೆ ಹೋಗಿ ಬದಲಾಯಿಸಿದೆ. ಹಾಗೇ ಅವನ ಇನ್ನೊಂದು ಸಲಹೆಯಂತೆ ಫೋಟೊಶಾಪಿನ ಕಲರ್ ಸೆಟ್ಟಿಂಗ್ಸ್‌ನಲ್ಲಿ "ತೆರೆಯುವಾಗ ಕೇಳು" ಎಂಬ ಜಾಗಗಳಿಗೆಲ್ಲ ಟಿಕ್ ಹಾಕಿದೆ. ಕೇಳದೇ ತನ್ನ ಪಾಡಿಗೆ ಇದ್ದ ತಂತ್ರಾಂಶಕ್ಕೆ ನಾನೇ ಬಾಯಿ ಬರಿಸಿದೆ.

ಶಾಂತಿ ಚೆನ್ನಾಗಿ ನಡೆಯಿತು. ಆರುನೂರು ಫೋಟೊ ತೆಗೆದೆ. ರಾತ್ರಿ ಮನೆಗೆ ಬಂದು ಮೊದಲನೆಯದನ್ನು ತೆರೆದರೆ ಒಂದು ಪೆಟ್ಟಿಗೆ ಬಂತು: "ಎಂಬೆಡೆಡ್ ಪ್ರೊಫೈಲ್ ಮಿಸ್‌ಮ್ಯಾಚ್." ಪ್ರೊಫೈಲ್ ಅಂದರೆ ಫೋಟೊದ ಬಣ್ಣ ಯಾವ ಅಳತೆಯದು ಅಂತ ಹೇಳುವ ಗುರುತು. ಕೆಳಗೆ ಮೂರು ಆಯ್ಕೆ. ಫೋಟೊದ ಜೊತೆ ಬಂದ ಪ್ರೊಫೈಲನ್ನೇ ಇಟ್ಟುಕೊಳ್ಳಲೇ? ನಿನ್ನ ಕೆಲಸದ ಪ್ರೊಫೈಲಿಗೆ ಪರಿವರ್ತಿಸಲೇ? ಅಥವಾ ಅದನ್ನು ಬಿಸಾಕಲೇ? ಜಾತಕ ಕೂಡಿಬಂದಿಲ್ಲ, ಏನು ಮಾಡೋಣ ಅಂತ ಜೋಯಿಸರು ಕೇಳಿದ ಹಾಗಿತ್ತು. ಗಂಟೆ ಹನ್ನೊಂದೂವರೆ. ಹೊಟ್ಟೆಯಲ್ಲಿ ಹೋಳಿಗೆ ಇತ್ತು. ಮೂರನೆಯದರಲ್ಲಿ ರಗಳೆ ಕಡಿಮೆ ಅನ್ನಿಸಿತು. ಬಿಸಾಕು ಅಂದೆ.

ಫೋಟೊಗಳು ಒಂಥರಾ ಸಪ್ಪಗೆ ಕಂಡವು. ನಾನು ಅದಕ್ಕೂ ಕಾರಣ ಕಂಡುಕೊಂಡೆ: ಹೋಮದ ಹೊಗೆ. ಹೊಗೆ ಇದ್ದರೆ ಫೋಟೊ ಮಂಕಾಗುತ್ತದೆ ಅಲ್ವಾ? ಊಟದ ಪಂಕ್ತಿಯ ಫೋಟೊದಲ್ಲೂ ಅದೇ ಮಂಕು ಯಾಕೆ ಅಂತ ಯೋಚಿಸಲಿಲ್ಲ. ಇಪ್ಪತ್ತು ಫೋಟೊ ಆರಿಸಿ ಫ್ಯಾಮಿಲಿ ಗ್ರೂಪಿಗೆ ಹಾಕಿ ಮಲಗಿದೆ.

ಬೆಳಿಗ್ಗೆ ಏಳಕ್ಕೆ ಮೊದಲ ಫೋನು, ದಾವಣಗೆರೆಯ ಅತ್ತೆಯಿಂದ. "ಅತ್ತಿಗೆಗೆ ಹುಷಾರಿಲ್ವೇನೋ? ಮುಖ ಎಲ್ಲ ಬಿಳಿಚಿಕೊಂಡಿದೆ." ಎರಡನೆಯದು ನ್ಯೂಜೆರ್ಸಿಯಲ್ಲಿರುವ ದೊಡ್ಡಮ್ಮನ ಮಗಳಿಂದ. "ಅಮ್ಮಂಗೆ ಹಿಮೋಗ್ಲೋಬಿನ್ ಚೆಕ್ ಮಾಡಿಸು. ನಾನು ದುಡ್ಡು ಕಳಿಸ್ತೀನಿ." ಮೂರನೆಯದು ಸ್ವತಃ ದೊಡ್ಡಮ್ಮನದು. ಅವರು ಆರೋಗ್ಯದ ಸುದ್ದಿಗೇ ಹೋಗಲಿಲ್ಲ.

"ಏನೋ ಇದು? ನಾನು ಉಟ್ಟಿದ್ದು ಗಿಳಿಹಸಿರು. ನೀನು ಪಾಚಿ ಹಸಿರು ಉಡಿಸಿದ್ದೀಯಲ್ಲೋ! ಜರಿ ನೋಡಿದ್ರೆ ಹಿತ್ತಾಳೆ ಚೆಂಬು ಇದ್ದಂಗಿದೆ."

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಜಾಹೀರಾತಿನ ಕೆಲಸದಲ್ಲಿದ್ದಾನೆ. ಅವನಿಗೆ ಫೋನು ಹಚ್ಚಿದೆ. ಅವನು ಕೇಳಿದ ಮೊದಲ ಪ್ರಶ್ನೆಯೇ ವಿಚಿತ್ರವಾಗಿತ್ತು. "ಮಾವ, ಫೈಲಿನ ಹೆಸರು ಅಡಿಗೆರೆಯಿಂದ ಶುರುವಾಗುತ್ತಾ?" ನೋಡಿದೆ. ಹೌದು, ಪ್ರತಿಯೊಂದು ಹೆಸರಿನ ಮುಂದೂ ಒಂದು ಗೀಟು. ಅಡೋಬಿ ಆರ್‌ಜಿಬಿಯಲ್ಲಿ ತೆಗೆದರೆ ಕ್ಯಾಮೆರಾ ಆ ಗೀಟನ್ನು ತಾನೇ ಎಳೆಯುತ್ತದಂತೆ. ಆರುನೂರು ಸಲ ಎಳೆದು ಎಚ್ಚರಿಸಿದೆ ಪಾಪ, ನಾನು ನೋಡಿಲ್ಲ.

"ಪ್ರೊಫೈಲ್ ಬಿಸಾಕಿದ್ರೆ ಬರೀ ನಂಬರ್ ಉಳಿಯುತ್ತೆ ಮಾವ. ಯಾವ ಅಳತೆಯ ನಂಬರ್ ಅಂತ ಯಾರಿಗೂ ಗೊತ್ತಾಗಲ್ಲ" ಅಂದ. ಆಗ ನನಗೆ ನಮ್ಮಜ್ಜಿಯ ಸೇರು ನೆನಪಾಯಿತು. ಅಜ್ಜಿ ಮನೆಯಲ್ಲಿ ಎರಡು ಸೇರು ಇದ್ದವು, ಒಂದು ಚೂರು ದೊಡ್ಡದು, ಒಂದು ಚೂರು ಚಿಕ್ಕದು. ಪಕ್ಕದ ಮನೆಗೆ ಅಕ್ಕಿ ಸಾಲ ಕೊಡುವಾಗ ಯಾವುದು, ವಾಪಸ್ ಇಸ್ಕೊಳ್ಳುವಾಗ ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕದ ಪುಸ್ತಕದಲ್ಲಿ ಎರಡಕ್ಕೂ "ಒಂದು ಸೇರು" ಅಂತಲೇ ಬರೆಯುತ್ತಿದ್ದರು. ಬಣ್ಣದ ಕಥೆಯೂ ಅಷ್ಟೇ. ಕೆಂಪು, ಹಸಿರು, ನೀಲಿ, ಒಂದೊಂದಕ್ಕೂ 0ಯಿಂದ 255ರವರೆಗೆ ಅಂಕಿ. ಎಸ್‌ಆರ್‌ಜಿಬಿಯಲ್ಲಿ ಅಪ್ಪಟ ಕೆಂಪಿಗೆ 255 ಬೇಕು. ಅದೇ ಕೆಂಪನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆಯಲು 219 ಸಾಕು, ಆ ಸೇರು ದೊಡ್ಡದು. ಸೇರಿನ ಮೇಲಿದ್ದ ಚೀಟಿಯನ್ನು ನಾನು ಕಿತ್ತು ಬಿಸಾಕಿದ್ದೆ. ಅತ್ತೆಯ ಮೊಬೈಲು 219 ಅಂಕಿಯನ್ನು ತನ್ನ ಚಿಕ್ಕ ಸೇರಿನಲ್ಲಿ ಅಳೆಯಿತು. ಎಲ್ಲರ ಮುಖದಿಂದಲೂ ಅಷ್ಟಷ್ಟು ರಕ್ತ ಸೋರಿಹೋಯಿತು.

ಸರಿ, ಚೀಟಿ ಮತ್ತೆ ಅಂಟಿಸಿದರಾಯಿತಲ್ಲ? ಮೆನುವಿನಲ್ಲಿ "ಅಸೈನ್ ಪ್ರೊಫೈಲ್" ಅಂತ ಒಂದು, "ಕನ್ವರ್ಟ್ ಟು ಪ್ರೊಫೈಲ್" ಅಂತ ಇನ್ನೊಂದು. ಎರಡೂ ಅವಳಿ ಜವಳಿ ಥರ ಪಕ್ಕಪಕ್ಕ ಕೂತಿವೆ. ಅಸೈನ್ ಎಂದರೆ ಅಕ್ಕಿ ಮುಟ್ಟದೆ ಚೀಟಿ ಮಾತ್ರ ಬದಲಿಸುವುದು. ಕನ್ವರ್ಟ್ ಎಂದರೆ ಅಕ್ಕಿಯನ್ನು ಇನ್ನೊಂದು ಸೇರಿನಲ್ಲಿ ಹೊಸದಾಗಿ ಅಳೆದು ಬರೆಯುವುದು. ಇದು ನನಗೆ ಈಗ ಗೊತ್ತು. ಆವತ್ತು ಪಟ್ಟಿಯಲ್ಲಿ ಪ್ರೊಫೋಟೊ ಆರ್‌ಜಿಬಿ ಅಂತ ಕಂಡಿತು. ಹೆಸರಲ್ಲೇ "ಪ್ರೊ" ಇದೆ, ಬಿಡಬಾರದು ಅಂತ ಅದನ್ನು ಅಸೈನ್ ಮಾಡಿದೆ. ದೊಡ್ಡಪ್ಪ ಯಕ್ಷಗಾನದ ಬಣ್ಣದ ವೇಷವಾದರು. ಕಣ್ಣಿನ ಸುತ್ತ ಕೆಂಪು, ಕೆನ್ನೆಯಲ್ಲಿ ಬೆಂಕಿ, ಇನ್ನೇನು ಅಬ್ಬರಿಸಿಕೊಂಡು ರಂಗಕ್ಕೆ ಬರುವುದೊಂದು ಬಾಕಿ. ಆಮೇಲೆ ಓದಿ ತಿಳಿದೆ, ಅದು ಕೊಡಾಕ್‌ನವರು ಮಾಡಿದ ದೊಡ್ಡ ಹಗೇವು. ಅದರೊಳಗೆ ಮನುಷ್ಯರ ಕಣ್ಣಿಗೆ ಕಾಣಿಸದ ಬಣ್ಣಗಳಿಗೂ ಜಾಗ ಇದೆ. ಯಾರಿಗೆ ಅಂತ ಇಟ್ಟಿದ್ದಾರೋ. ಭೀಮರಥ ಶಾಂತಿಗೆ ಬಂದಿದ್ದ ದೇವತೆಗಳು ಆಲ್ಬಂ ಕೇಳಿದರೆ ಬೇಕಾಗಬಹುದು.

ಅಂದ ಹಾಗೆ, ಅಡೋಬಿ ಆರ್‌ಜಿಬಿ ಹುಟ್ಟಿದ ಕಥೆ ಓದಿ ನನಗೆ ಸ್ವಲ್ಪ ಸಮಾಧಾನವಾಯಿತು. 1998ರಲ್ಲಿ ಫೋಟೊಶಾಪ್ 5 ಬಂದಾಗ ಟಿ.ವಿ.ಯವರ ಒಂದು ಮಾನದಂಡದ ದಾಖಲೆಯಿಂದ ಅಂಕಿಗಳನ್ನು ಎತ್ತಿಕೊಂಡು ಒಂದು ಪ್ರೊಫೈಲ್ ಸೇರಿಸಿದ್ದರಂತೆ. ಆಮೇಲೆ ನೋಡಿದರೆ ಎತ್ತಿಕೊಂಡ ಅಂಕಿಗಳೇ ಆ ಮಾನದಂಡದವಲ್ಲ! ಅಷ್ಟರಲ್ಲಿ ಜನಕ್ಕೆ ಅದು ಹಿಡಿಸಿಬಿಟ್ಟಿತ್ತು. ತೆಗೆಯುವುದು ಬೇಡ ಅಂತ ಹೆಸರು ಬದಲಿಸಿ ಉಳಿಸಿಕೊಂಡರು. ದೊಡ್ಡವರು ಮಾಡಿದ ತಪ್ಪಿಗೆ ನಾಮಕರಣ ಆಗುತ್ತದೆ. ನಾನು ಮಾಡಿದರೆ ಬೆಳಿಗ್ಗೆ ಏಳಕ್ಕೆ ಫೋನು.

ಅಂತೂ ಅಳಿಯ ಹೇಳಿದಂತೆ ಮೂಲ ಫೈಲನ್ನು ಮೊದಲನೇ ಆಯ್ಕೆಯಲ್ಲಿ ತೆರೆದು, ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲ್ ಸಮೇತ ಸೇವ್ ಮಾಡಿ ಮತ್ತೆ ಗ್ರೂಪಿಗೆ ಹಾಕಿದೆ. ಎಲ್ಲರ ಮೈಯಲ್ಲೂ ರಕ್ತ ಓಡಾಡಿತು. ನ್ಯೂಜೆರ್ಸಿಯಿಂದ ಹೆಬ್ಬೆಟ್ಟು ಬಂತು. ದುಡ್ಡು ಬರಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗಿತ್ತು. ಆಲ್ಬಂ ಮಾಡಬೇಕಿತ್ತಲ್ಲ, ಅದಕ್ಕೆ ಅಂತ ಒಂದು ದೊಡ್ಡ ಮಾನಿಟರ್ ತಂದೆ. ಮಾನಿಟರ್ ಜೊತೆ ಬಂದ ತಂತ್ರಾಂಶವನ್ನೂ ಹಾಕಿಕೊಂಡೆ. ಬಿಟ್ಟಿ ಬಂದದ್ದನ್ನು ಬಿಡುವ ಜನ ಅಲ್ಲ ನಾವು. ಫೋಟೊಶಾಪ್ ತೆರೆದ ಕೂಡಲೇ ಇನ್ನೊಂದು ಪೆಟ್ಟಿಗೆ ಬಂತು: ಮಾನಿಟರಿನ ಪ್ರೊಫೈಲ್ ಕೆಟ್ಟಿರುವಂತೆ ಕಾಣುತ್ತಿದೆ. ಕೆಳಗೆ ಎರಡು ಗುಂಡಿ. ಒಂದು, ಅದನ್ನು ಕಡೆಗಣಿಸು. ಇನ್ನೊಂದು, ಆದರೂ ಪರವಾಗಿಲ್ಲ, ಬಳಸು. ಹೊಸಾ ಮಾನಿಟರ್ ಕಣ್ರೀ, ಕವರ್ ವಾಸನೆ ಕೂಡ ಹೋಗಿಲ್ಲ, ಹೇಗೆ ಕೆಡುತ್ತೆ? ಪರವಾಗಿಲ್ಲ ಅಂದೆ. ನಾನು ಜೀವನದಲ್ಲಿ ಒತ್ತಿದ ಗುಂಡಿಗಳಲ್ಲಿ ಬಹುಪಾಲು ಇದೇ ಗುಂಡಿ.

ಈಗ ಎಲ್ಲರೂ ಅರಿಶಿನ ಹಚ್ಚಿಕೊಂಡವರಂತೆ ಕಂಡರು. ದೊಡ್ಡಪ್ಪನ ಬಿಳಿ ಪಂಚೆ ತುಪ್ಪದ ಬಣ್ಣಕ್ಕೆ ತಿರುಗಿತ್ತು. ನನಗೆ ಈಗ ವಿದ್ಯೆ ಬಂದಿತ್ತಲ್ಲ, ಹಳದಿಗೆ ಎದುರು ನೀಲಿ ಅಂತ ಗೊತ್ತಿತ್ತು. ನೀಲಿ ಸುರಿದೆ. ರಾತ್ರಿ ಊಟವಾದ ಮೇಲೆ ಕೂತು, ನೂರಿಪ್ಪತ್ತು ಫೋಟೊಗಳಿಗೂ ಒಂದೊಂದಾಗಿ ನೀಲಿ ಸುರಿದೆ. ಹಿಂದಿನ ಕಾಲದಲ್ಲಿ ಬಿಳಿ ಬಟ್ಟೆಗೆ ನೀಲಿ ಅದ್ದುತ್ತಿದ್ದರಲ್ಲ, ಹಾಗೆ. ಪಂಚೆ ಬೆಳ್ಳಗಾಯಿತು. ನೆಮ್ಮದಿಯಾಗಿ ಪೆನ್‌ಡ್ರೈವಿಗೆ ಹಾಕಿ ಪ್ರಿಂಟಿಗೆ ಕೊಟ್ಟೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಅಂತ ಗಾದೆ ಇದೆಯಲ್ಲ. ನಾನು ಅದನ್ನು ಅಕ್ಷರಶಃ ಮಾಡಿದ್ದೆ. ಪ್ರಿಂಟಿನಲ್ಲಿ ದೊಡ್ಡಪ್ಪ ಸಾಕ್ಷಾತ್ ನೀಲಕಂಠ. ಕೊರಳು ನೀಲಿ, ಕಿವಿ ನೀಲಿ, ಹಣೆಯ ವಿಭೂತಿಯೂ ಸೇರಿ ಏನೂ ಕೊರತೆ ಇರಲಿಲ್ಲ. ಸುತ್ತ ನಿಂತ ಮಕ್ಕಳು ಮೊಮ್ಮಕ್ಕಳು ಶಿವಗಣಗಳು. ಪಾಯಸ ಕುಡಿದವರೆಲ್ಲ ಹಾಲಾಹಲ ಕುಡಿದವರ ಹಾಗಿದ್ದರು. ಲ್ಯಾಬಿನ ಹುಡುಗ ಲಕೋಟೆ ಕೊಡುತ್ತಾ ಮೆಲ್ಲಗೆ ಕೇಳಿದ, "ಸಾರ್, ಇದು ಥೀಮಾ?"

ನನ್ನ ಮುಖ ನೋಡಿ ಅವನಿಗೇ ಅಯ್ಯೋ ಅನ್ನಿಸಿರಬೇಕು. ಅದೇ ಫೈಲನ್ನು ಅವನ ಸ್ಕ್ರೀನಿನಲ್ಲಿ ತೋರಿಸಿದ. ಅಲ್ಲೂ ನೀಲಿಯೇ. "ಫೋಟೊ ಸರಿಯಾಗೇ ಇತ್ತು ಸಾರ್. ನಿಮ್ಮ ಮಾನಿಟರ್‌ಗೆ ಕಾಮಾಲೆ. ನೀವು ಔಷಧಿಯನ್ನ ಫೋಟೊಗೆ ಕುಡಿಸಿದ್ದೀರಾ" ಅಂದ. ಇಷ್ಟು ಚೆನ್ನಾಗಿ ಆ ಗಡ್ಡದ ಗುರು ಒಂದು ಗಂಟೆಯ ವಿಡಿಯೊದಲ್ಲೂ ಹೇಳಿರಲಿಲ್ಲ.

ಮಾನಿಟರ್ ಪ್ರೊಫೈಲ್ ಎಂದರೆ ಆ ಪರದೆಯ ಗುಣದೋಷಗಳ ಪಟ್ಟಿ. ಈ ಪರದೆಯ ನೀಲಿ ಇಷ್ಟು ಹೆಚ್ಚು, ಹಸಿರು ಇಷ್ಟು ಕಮ್ಮಿ ಅಂತ. ಫೋಟೊಶಾಪು ಅದನ್ನು ನಂಬಿ ಅಷ್ಟರಮಟ್ಟಿಗೆ ಬಣ್ಣ ತಿದ್ದಿ ತೋರಿಸುತ್ತದೆ. ಪಟ್ಟಿಯೇ ಸುಳ್ಳಾದರೆ ಸರಿ ಇದ್ದದ್ದನ್ನೂ ತಿದ್ದಿ ಹಾಳು ಮಾಡುತ್ತದೆ. ಕಾಮಾಲೆ ಬಿಡಿಸುವುದು ಐದೇ ನಿಮಿಷದ ಕೆಲಸ. ವಿಂಡೋಸಿನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಅಂತ ಹುಡುಕಿ ತೆರೆಯುವುದು, ಮಾನಿಟರ್ ಆರಿಸುವುದು, ಈ ಸಾಧನಕ್ಕೆ ನನ್ನ ಸೆಟ್ಟಿಂಗ್ ಬಳಸು ಅನ್ನುವಲ್ಲಿ ಟಿಕ್ ಹಾಕುವುದು, ಎಸ್‌ಆರ್‌ಜಿಬಿ ಐಇಸಿ 61966-2.1 ಅನ್ನುವುದನ್ನು ಸೇರಿಸಿ ಅದನ್ನೇ ಡೀಫಾಲ್ಟ್ ಮಾಡುವುದು, ಫೋಟೊಶಾಪ್ ಮುಚ್ಚಿ ತೆರೆಯುವುದು. ಆ ಕೆಟ್ಟ ಪೆಟ್ಟಿಗೆ ಮತ್ತೆ ಬರಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಮಾಡಿದೆ. ಪಂಚೆ ಬೆಳ್ಳಗೆ, ಸೀರೆ ಹಸಿರು. ಕಾಫಿ ಕುಡಿದೆ.

ಸಂಜೆ ಏಳಕ್ಕೆ ಕೂತರೆ ಮತ್ತೆ ಕಾಮಾಲೆ!

ಅಳಿಯನಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಸರಿಯಾಗಿದೆಯಲ್ಲ ಮಾವ, ಪಂಚೆ ಬೆಳ್ಳಗೇ ಇದೆ" ಅಂದ. ಇನ್ನೊಂದು ಕಳಿಸಿದೆ. ಅದೂ ಬೆಳ್ಳಗಿದೆಯಂತೆ. "ಮಾವ, ಕಣ್ಣು ಯಾವಾಗ ತೋರಿಸಿದ್ರಿ?" ಅಂತ ಕೇಳಿದ. ಮರುದಿನ ಬೆಳಿಗ್ಗೆ ನೋಡಿದರೆ ಪರದೆ ಸರಿ ಇದೆ. ಸಂಜೆ ಮತ್ತೆ ಹಳದಿ. ದೆವ್ವ ಕೂಡ ಇಷ್ಟು ಶಿಸ್ತಾಗಿ ಟೈಂ ಪಾಲಿಸುವುದಿಲ್ಲ. ಮೂರನೆಯ ದಿನ ನಾನು ವಿದ್ಯುತ್ ವೋಲ್ಟೇಜಿನ ಮೇಲೆ ಅನುಮಾನ ಪಡುತ್ತಾ ಸ್ಟೆಬಿಲೈಜರ್ ಮುಟ್ಟಿ ನೋಡುತ್ತಿದ್ದಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಈಗ ಕಣ್ಣುರಿ ಕಡಿಮೆ ಆಗಿದೆಯಾ?" ಅಂತ ಕೇಳಿದಳು.

ನಾನು ದಿನಾ ರಾತ್ರಿ ಕಣ್ಣುರಿ ಅಂತ ಒದ್ದಾಡುವುದನ್ನು ನೋಡಲಾರದೆ ನೈಟ್ ಲೈಟ್ ಆನ್ ಮಾಡಿದ್ದಾಳೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ. ಅದು ಸ್ಕ್ರೀನ್‌ಶಾಟಿನಲ್ಲಿ ಬರುವುದಿಲ್ಲ, ಪರದೆಯ ಮೇಲೆ ಮಾತ್ರ ಹಳದಿ ಎರಚುತ್ತದೆ. ಪ್ರೀತಿಯಿಂದ ಮಾಡಿದ್ದನ್ನು ಬೈಯುವುದು ಹೇಗೆ? "ಬಹಳ ಆರಾಮಾಗಿದೆ ಕಣೇ" ಅಂದೆ. ಅವಳು ಮಲಗಿದ ಮೇಲೆ ಆಫ್ ಮಾಡಿದೆ. ಈಗಲೂ ದಿನಾ ಹಾಗೇ ಮಾಡುತ್ತೇನೆ.

ಲ್ಯಾಬಿನ ಹುಡುಗ ಒಂದು ಭಾನುವಾರಕ್ಕೆ ಅಂತ ಕ್ಯಾಲಿಬ್ರೇಟರ್ ಕೊಟ್ಟ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ ಅದು ಪರದೆಗೆ ಅಂಟಿಕೊಂಡು ಕೂತು, ಕೆಂಪು, ಹಸಿರು, ನೀಲಿ, ಬೂದು ಅಂತ ಒಂದೊಂದೇ ಬಣ್ಣ ನೋಡಿ ಹೊಸ ಪಟ್ಟಿ ಬರೆಯಿತು. ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗೆ ಇಳಿಸಲು ಹೇಳಿತು. ಅಷ್ಟು ದಿನ ನಾನು ಪರದೆಯನ್ನು ಬಟ್ಟೆ ಅಂಗಡಿಯ ಶೋಕೇಸಿನ ಹಾಗೆ ಬೆಳಗಿಸಿಕೊಂಡು, ಪ್ರಿಂಟು ಕಪ್ಪಾಯಿತು ಅಂತ ಬೇರೆ ಗೊಣಗುತ್ತಿದ್ದೆ.

ಇನ್ನೇನು ಎಲ್ಲ ಮುಗಿಯಿತು ಅನ್ನುವಾಗ, ಯಾವ ಕೀಲಿ ಯಾವ ಬೆರಳಿಗೆ ತಾಗಿತೋ, ದೊಡ್ಡಮ್ಮನ ಸೀರೆಗೆ ಬೂಸಲು ಹಿಡಿಯಿತು. ಸೆರಗಿನ ಮೇಲೆ, ನೆರಿಗೆಯ ಮೇಲೆ ಬೂದು ಬಣ್ಣದ ಮಚ್ಚೆಗಳು. ಎದೆ ಧಸಕ್ಕೆಂದಿತು. ಅಳಿಯ ನಕ್ಕ. ಅದು ಗ್ಯಾಮಟ್ ವಾರ್ನಿಂಗ್ ಅಂತೆ. ಕಾಗದದ ಮೇಲೆ ಶಾಯಿಯಿಂದ ಬರಿಸಲಾಗದ ಬಣ್ಣ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಬೂದು ಬಳಿದು ತೋರಿಸುತ್ತದಂತೆ. ಪರದೆ ಬೆಳಕಿನಲ್ಲಿ ಬಣ್ಣ ಮಾಡುತ್ತದೆ, ಪ್ರಿಂಟರು ಶಾಯಿಯಲ್ಲಿ. ಅದರ ಹಸಿರು ಇದಕ್ಕೆ ಎಟುಕುವುದಿಲ್ಲ. ಅಂದರೆ ದೊಡ್ಡಮ್ಮ ಕ್ಯೂ ನಿಂತು ತಂದದ್ದು ಶಾಯಿಗೆ ಸಿಗದ ಹಸಿರು! ಎರಡು ತಿಂಗಳ ನಂತರ, ಎಲ್ಲ ಪ್ರೊಫೈಲ್ ಸರಿಹೋದ ಮೇಲೆ ಗೊತ್ತಾದದ್ದು ಇದು. ಹತ್ತಿರದ ಹಸಿರಿಗೆ ಒಪ್ಪಿಸಿ, ಮುಖಗಳನ್ನು ಸರಿ ಇಟ್ಟು, ಎಸ್‌ಆರ್‌ಜಿಬಿ ಜೆಪೆಗ್ ಮಾಡಿ ಕೊಟ್ಟೆ. ಈ ಸಲ ಆ ಹುಡುಗ ಥೀಮ್ ಬಗ್ಗೆ ಕೇಳಲಿಲ್ಲ.

ಆಲ್ಬಂ ಹಿಡಿದು ಅಗ್ರಹಾರದ ಮನೆಗೆ ಹೋದೆ. ನಡುಮನೆಯಲ್ಲಿ ಲೈಟ್ ಹಾಕಿ ಎಲ್ಲರೂ ನೋಡಿದರು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, "ನನ್ನ ಹೊಟ್ಟೆ ಇಷ್ಟು ದೊಡ್ಡದಿದೆಯಾ?" ಅಂತ ಕೇಳಿದರು. ಅದು ಯಾವ ಪ್ರೊಫೈಲಿನ ತಪ್ಪೂ ಅಲ್ಲ. ದೊಡ್ಡಮ್ಮ ಮಾತ್ರ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು. ಬೀರು ತೆಗೆದ ಸದ್ದು. ನುಸಿಗುಳಿಗೆಯ ವಾಸನೆ ನಡುಮನೆಗೂ ಬಂತು. ಸೀರೆ ಹಿಡಿದುಕೊಂಡು ಬಂದರು, ಆಲ್ಬಂ ನನ್ನ ಕೈಗೆ ಕೊಟ್ಟು "ಬಾ ಇಲ್ಲಿ" ಅಂದರು. ಹೊರಗೆ ಜಗಲಿಗೆ.

ನಾನು ಆಲ್ಬಮಿನ ಆ ಪುಟ ಬಿಚ್ಚಿ ಹಿಡಿದೆ. ಅವರು ಸೆರಗನ್ನು ಅದರ ಪಕ್ಕಕ್ಕೆ ಹರಡಿದರು. ತಲೆ ಓರೆ ಮಾಡಿ ನೋಡಿದರು. ಒಂದು ಹೆಜ್ಜೆ ಹಿಂದೆ ಹೋಗಿ ನೋಡಿದರು. ನನ್ನ ಕೈ ನಡುಗುತ್ತಿತ್ತು, ಆಲ್ಬಂ ಭಾರಕ್ಕೆ ಅಂತ ಇಟ್ಟುಕೊಳ್ಳಿ.

"ಸರಿ ಇದೆಯಾ ದೊಡ್ಡಮ್ಮ?"

"ತಾಳೋ," ಅಂದರು ಮೇಲೆ ನೋಡುತ್ತಾ. "ಮೋಡ ಅಡ್ಡ ಬಂದಿದೆ. ಹೋಗಲಿ."

ಇಬ್ಬರೂ ನಿಂತಿದ್ದೇವೆ.